ತೀರಿಕೊಂಡ ತಂತ್ರಜ್ಞಾನ ಉದ್ಯಮಿಗೆ ಊರಿನ ಗೌರವ ಸಲ್ಲಬೇಕೇ? ತೂಗಿ ನೋಡುವ ಬಗೆ, ಮನವಿ ಬರೆಯುವ ಕ್ರಮ

ಬಳ್ಳಾರಿಯ ನಮ್ಮ ಬಡಾವಣೆಯಲ್ಲಿ ಮೂರು ರಸ್ತೆಗಳು ಕೂಡುವ ಒಂದು ಜಾಗವಿದೆ. ಅದಕ್ಕೆ ಈವರೆಗೆ ಯಾರೂ ಹೆಸರಿಟ್ಟಿಲ್ಲ. ಆಟೊದವರು ‘ನೀರಿನ ಟ್ಯಾಂಕ್’ ಎಂದು ಕರೆಯುತ್ತಾರೆ, ಅಷ್ಟರಿಂದಲೇ ಕೆಲಸ ನಡೆಯುತ್ತಿದೆ. ಇಂಜಿನಿಯರಿಂಗ್ ಓದುವ ಮೂವರು ಹುಡುಗರು ಆ ಜಾಗಕ್ಕೆ ‘ಸ್ಟೀವ್ ಜಾಬ್ಸ್ ವೃತ್ತ’ ಎಂದು ನಾಮಕರಣ ಮಾಡಬೇಕೆಂದು ಪಾಲಿಕೆಗೆ ಬರೆದ ಮನವಿಯನ್ನು ನನ್ನ ಬಳಿ ತಂದು, ‘ಸರ್, ಕನ್ನಡ ಸ್ವಲ್ಪ ತಿದ್ದಿಕೊಡ್ರಿ’ ಎಂದರು. ಕನ್ನಡ ತಿದ್ದುವುದು ಅರ್ಧ ಗಂಟೆಯ ಕೆಲಸವಾಗಿತ್ತು. ತೊಡಕು ಬೇರೆಡೆ ಇತ್ತು: ಎರಡು ಪುಟದ ಆ ಮನವಿಯಲ್ಲಿ ಮಹಾನ್, ದಾರ್ಶನಿಕ, ಯುಗಪುರುಷ ಎಂಬಂಥ ವಿಶೇಷಣಗಳು ಹನ್ನೊಂದಿದ್ದವು, ಆ ವ್ಯಕ್ತಿ ಯಾರಿಗಾಗಿ ಏನು ಮಾಡಿದರು ಎಂದು ಹೇಳುವ ವಾಕ್ಯ ಒಂದೂ ಇರಲಿಲ್ಲ. ಅವರಿಗೆ ಹೇಳಿದ್ದನ್ನೇ, ಇಂಥದೇ ಆಸೆ ಇಟ್ಟುಕೊಂಡಿರುವ ಬೇರೆಯವರಿಗೂ ಉಪಯೋಗವಾಗಲಿ ಎಂದು, ಇಲ್ಲಿ ಸ್ವಲ್ಪ ವಿಸ್ತಾರವಾಗಿ ಬರೆದಿದ್ದೇನೆ. ಆಪಲ್ ಕಂಪನಿಯ ಸ್ಥಾಪಕರಲ್ಲೊಬ್ಬರಾದ ಜಾಬ್ಸ್ ಅವರನ್ನೇ ಉದ್ದಕ್ಕೂ ಉದಾಹರಣೆಯಾಗಿ ಇಟ್ಟುಕೊಂಡಿದ್ದರೂ ಕ್ರಮ ಯಾವ ಉದ್ಯಮಿಗಾದರೂ ಅನ್ವಯಿಸುತ್ತದೆ.

ಮೊದಲು ಕೃತಿಯನ್ನು ಹುಡುಕಿ

ಸತ್ತವರನ್ನು ಊರು ನೆನೆಯುವ ಪದ್ಧತಿ ನಮ್ಮ ಸೀಮೆಗೆ ಹೊಸದೇನಲ್ಲ. ಬಳ್ಳಾರಿ, ಕೊಪ್ಪಳ, ರಾಯಚೂರು ಜಿಲ್ಲೆಗಳ ಹಳ್ಳಿಗಳಲ್ಲಿ ಗುಡಿಯ ಪಕ್ಕದಲ್ಲೋ ಕೆರೆಯ ಏರಿಯ ಮೇಲೋ ವೀರಗಲ್ಲುಗಳು ಇಂದಿಗೂ ನಿಂತಿವೆ. ಜೈನ ತೀರ್ಥವಾಗಿದ್ದ ಕೊಪಣದಲ್ಲಿ, ಎಂದರೆ ಇಂದಿನ ಕೊಪ್ಪಳದಲ್ಲಿ, ಸಲ್ಲೇಖನವೆಂಬ ಉಪವಾಸ ವ್ರತದಿಂದ ದೇಹ ಬಿಟ್ಟವರ ನೆನಪಿಗೆ ನಿಸಿದಿ ಎಂಬ ಕಲ್ಲುಗಳನ್ನು ನಿಲ್ಲಿಸುತ್ತಿದ್ದರು. ವೀರಗಲ್ಲಿನ ಕೆಳಗಿನ ಹಂತದಲ್ಲಿ ಕಾಳಗ, ನಡುವೆ ವೀರನನ್ನು ಒಯ್ಯುವ ಅಪ್ಸರೆಯರು, ಮೇಲೆ ಲಿಂಗಪೂಜೆ ಇರುವುದು ಸಾಮಾನ್ಯ. ಬರಹವಿರುವ ಕಲ್ಲುಗಳನ್ನು ಗಮನಿಸಿ ಓದಿದರೆ ಒಂದು ಸಂಗತಿ ತಿಳಿಯುತ್ತದೆ: ಊರಿನ ದನಗಳನ್ನು ಹಗೆಗಳು ಹೊಡೆದುಕೊಂಡು ಹೋದಾಗ ಇಂಥವನು ಅಡ್ಡಬಂದು, ತುರುವನ್ನು ಬಿಡಿಸಿ, ಸತ್ತನು, ಇಂಥವರು ಈ ಕಲ್ಲನ್ನು ನಿಲ್ಲಿಸಿದರು, ಇಷ್ಟು ಭೂಮಿಯನ್ನು ಬಿಟ್ಟರು ಎಂಬಲ್ಲಿಗೆ ಬರಹ ಮುಗಿಯುತ್ತದೆ. ಹೊಗಳಿಕೆ ಇದ್ದರೂ ಕೃತಿಯನ್ನು ಅದು ಮುಚ್ಚುವುದಿಲ್ಲ. ಸತ್ತವನು ಎಷ್ಟು ದನದ ಒಡೆಯನಾಗಿದ್ದ ಎಂಬುದಕ್ಕಂತೂ ಅಲ್ಲಿ ಜಾಗವೇ ಇಲ್ಲ.

ಉದ್ಯಮಿಯೊಬ್ಬರ ವಿಷಯದಲ್ಲಿಯೂ ಇದೇ ಅಳತೆ ಸಾಕು. ಒಂದು ಹಾಳೆ ತೆಗೆದುಕೊಂಡು ಅವರು ಯಾರಿಗಾಗಿ, ಯಾವಾಗ, ಏನು ಮಾಡಿದರು, ಅವರಿಲ್ಲದಿದ್ದರೆ ಅದು ಆಗುತ್ತಿತ್ತೇ ಎಂಬುದನ್ನು ನಾಲ್ಕು ಸಾಲಿನಲ್ಲಿ ಬರೆಯಲು ಪ್ರಯತ್ನಿಸಿ. ‘ಇಂಥ ಕಂಪನಿಯ ಮುಖ್ಯಸ್ಥರಾಗಿದ್ದರು’ ಎಂಬುದು ಕೃತಿಯಲ್ಲ, ಹುದ್ದೆ. ‘ಕಂಪನಿಯ ಮೌಲ್ಯವನ್ನು ಇಷ್ಟು ಪಟ್ಟು ಬೆಳೆಸಿದರು’ ಎಂಬುದು ಕೃತಿಯೇ ಆದರೂ ಷೇರುದಾರರಿಗೆ ಸಂಬಂಧಿಸಿದ್ದು. ಅದಕ್ಕೆ ಅವರು ಕೃತಜ್ಞರಾಗಿರಲಿ. ಒಳ್ಳೆಯ ವಸ್ತುವನ್ನು ಒಳ್ಳೆಯ ಬೆಲೆಗೆ ಮಾರಿದವರಿಗೆ ಗಿರಾಕಿ ಹಣ ಕೊಟ್ಟು ಲೆಕ್ಕವನ್ನು ಅಲ್ಲಿಗೇ ಚುಕ್ತಾ ಮಾಡಿರುತ್ತಾನೆ. ಮಾರುಕಟ್ಟೆ ಕೊಟ್ಟ ಪ್ರತಿಫಲದ ಆಚೆಗೆ ಸಮಾಜಕ್ಕೆ ಉಳಿದದ್ದೇನು ಎಂಬುದೇ ಸಾರ್ವಜನಿಕ ಗೌರವದ ಪ್ರಶ್ನೆ.

ಜಾಬ್ಸ್ ಅವರ ಹಾಳೆಯನ್ನು ಹುಡುಗರೊಡನೆ ಕುಳಿತು ತುಂಬಿಸಿದೆವು. 1976ರಲ್ಲಿ ಸ್ಟೀವ್ ವೋಜ್ನಿಯಾಕ್ ಮತ್ತು ರೊನಾಲ್ಡ್ ವೇಯ್ನ್ ಜೊತೆ ಆಪಲ್ ಆರಂಭಿಸಿದ್ದು, 1985ರಲ್ಲಿ ಅಲ್ಲಿಂದ ಹೊರಬಿದ್ದು ನೆಕ್ಸ್ಟ್ ಕಂಪನಿ ಕಟ್ಟಿದ್ದು, 1997ರಲ್ಲಿ ಮರಳಿದ್ದು, 2007ರಲ್ಲಿ ಐಫೋನ್ ತಂದದ್ದು, 2011ರ ಅಕ್ಟೋಬರ್ 5ರಂದು 56ನೆಯ ವಯಸ್ಸಿನಲ್ಲಿ ತೀರಿಕೊಂಡದ್ದು ಎಲ್ಲವೂ ಮೊದಲ ಐದು ನಿಮಿಷದಲ್ಲಿ ಬಂದವು. ಇವೆಲ್ಲ ಜೀವನಚರಿತ್ರೆಯ ಸಾಲುಗಳು. ಗೌರವಕ್ಕೆ ಆಧಾರವಾಗಬಲ್ಲ ಸಾಲು ಸಿಗಲು ಮುಕ್ಕಾಲು ಗಂಟೆ ಹಿಡಿಯಿತು. ಕೊನೆಗೆ ಸಿಕ್ಕಿದ್ದು ಇದು: 2009ರಲ್ಲಿ ಬಂದ ಐಫೋನ್ 3ಜಿಎಸ್‌ನಲ್ಲಿ ಪರದೆಯ ಮೇಲಿರುವುದನ್ನು ಓದಿ ಹೇಳುವ ವಾಯ್ಸ್‌ಓವರ್ ಎಂಬ ಸೌಲಭ್ಯವನ್ನು, ಬೇರೆ ಹಣ ಕೇಳದೆ, ಫೋನಿನೊಳಗೇ ಇಟ್ಟುಕೊಟ್ಟರು. ಗುಂಡಿಗಳೇ ಇಲ್ಲದ ಗಾಜಿನ ಫೋನು ಕುರುಡರಿಗೆ ಮುಚ್ಚಿದ ಬಾಗಿಲಾಗಬಹುದಿತ್ತು. ಅದು ತೆರೆದ ಬಾಗಿಲಾಯಿತು. ಆಪಲ್ ಫೋನನ್ನು ಎಂದೂ ಮುಟ್ಟದ ನನ್ನಂಥವನಿಗೂ ಈ ಒಂದು ಸಾಲು ಉಳಿದ ಹನ್ನೊಂದು ವಿಶೇಷಣಗಳಿಗಿಂತ ತೂಕದ್ದಾಗಿ ಕಂಡಿತು.

ಅಲ್ಲಿಗೇ ನಿಲ್ಲಬೇಡಿ. ಆ ಕೃತಿ ಯಾರದು ಎಂದೂ ಕೇಳಿಕೊಳ್ಳಿ. ವಾಯ್ಸ್‌ಓವರ್ ಬರೆದವರು ಇಂಜಿನಿಯರುಗಳು. ಮುಖ್ಯಸ್ಥರದು ಅದನ್ನು ಒಪ್ಪಿ ನಡೆಸಿದ ತೀರ್ಮಾನ. ತೀರ್ಮಾನವೂ ಒಂದು ಕೃತಿಯೇ, ಆದರೆ ಅದನ್ನು ತೀರ್ಮಾನವೆಂದೇ ಬರೆಯಬೇಕು, ‘ಕಂಡುಹಿಡಿದರು’ ಎಂದು ಬರೆಯಬಾರದು. ಜಾಬ್ಸ್ ತೀರಿಕೊಂಡ ಒಂದೇ ವಾರದಲ್ಲಿ ಡೆನ್ನಿಸ್ ರಿಚಿ ಎಂಬವರೂ ತೀರಿಕೊಂಡಿದ್ದರು. ತಂತ್ರಾಂಶ ಬರೆಯಲು ಬಳಸುವ ಸಿ ಎಂಬ ಕಂಪ್ಯೂಟರ್ ಭಾಷೆಯನ್ನು ರೂಪಿಸಿದವರು ಅವರು. ಯುನಿಕ್ಸ್ ಕಾರ್ಯವ್ಯವಸ್ಥೆಯನ್ನು ಕಟ್ಟಿದವರಲ್ಲಿಯೂ ಒಬ್ಬರು. ಐಫೋನಿನ ಒಳಗಿನ ತಂತ್ರಾಂಶದ ಬೇರು ಯುನಿಕ್ಸ್ ವಂಶಕ್ಕೆ ಸೇರಿದೆ. ಬಳ್ಳಾರಿಯ ಆ ಮೂವರೂ ಮೊದಲ ವರ್ಷ ಕಲಿತದ್ದು ಸಿ ಭಾಷೆಯನ್ನೇ, ಆದರೂ ರಿಚಿಯ ಹೆಸರು ಅವರಲ್ಲಿ ಒಬ್ಬನಿಗೆ ಮಾತ್ರ ಗೊತ್ತಿತ್ತು. ಇದರಿಂದ ಜಾಬ್ಸ್ ಸಣ್ಣವರಾಗುವುದಿಲ್ಲ. ವೇದಿಕೆಯ ಮೇಲೆ ನಿಂತವರನ್ನು ಮಾತ್ರ ನೋಡಿ ಗೌರವ ಹಂಚಬಾರದು ಎಂಬ ಎಚ್ಚರ ನಮಗೆ ಬರಬೇಕು, ಅಷ್ಟೆ.

ಇನ್ನೊಂದು ಎಚ್ಚರ ನಮ್ಮ ದೇಶದ ಉದ್ಯಮಿಗಳಿಗೆ ಸಂಬಂಧಿಸಿದ್ದು. ‘ಅವರ ಕಂಪನಿ ನಮ್ಮ ಶಾಲೆಗೆ ಕಂಪ್ಯೂಟರ್ ಕೊಟ್ಟಿತು’ ಎಂದು ಅನೇಕ ಮನವಿಗಳಲ್ಲಿ ಬರೆದಿರುತ್ತಾರೆ. 2013ರ ಕಂಪನಿ ಕಾಯ್ದೆಯ 135ನೆಯ ಕಲಮಿನ ಪ್ರಕಾರ ನಿಗದಿತ ಗಾತ್ರದ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಕನಿಷ್ಠ ಶೇ 2ರಷ್ಟನ್ನು ಸಾಮಾಜಿಕ ಹೊಣೆಗಾರಿಕೆಗೆ ಖರ್ಚು ಮಾಡಬೇಕು. 2014ರ ಏಪ್ರಿಲ್‌ನಿಂದ ಇದು ಜಾರಿಯಲ್ಲಿದೆ. ಕಾನೂನು ಮಾಡಿಸಿದ್ದನ್ನು ವ್ಯಕ್ತಿಯ ಔದಾರ್ಯವೆಂದು ಬರೆದರೆ ಓದುವ ಅಧಿಕಾರಿಯೇ ಮುಗುಳ್ನಗುತ್ತಾರೆ. ಸ್ವಂತ ಹಣ, ಸ್ವಂತ ಸಮಯ, ಸ್ವಂತ ಹಟ ಇವುಗಳಲ್ಲಿ ಒಂದಾದರೂ ಕಾಣಬೇಕು.

ಟಾಟಾ ಕನ್ಸಲ್ಟೆನ್ಸಿ ಸರ್ವೀಸಸ್‌ನ ಮೊದಲ ಮುಖ್ಯಸ್ಥ ಎಫ್.ಸಿ. ಕೊಹ್ಲಿಯವರನ್ನು ಇಲ್ಲಿ ನೆನೆಯಬೇಕು. 1924ರಲ್ಲಿ ಪೇಶಾವರದಲ್ಲಿ ಹುಟ್ಟಿ 2020ರ ನವೆಂಬರ್ 26ರಂದು ತೀರಿಕೊಂಡ ಅವರಿಗೆ ಭಾರತದ ತಂತ್ರಾಂಶ ಉದ್ಯಮದ ಪಿತಾಮಹ ಎಂಬ ಹೆಸರಿದೆ. ನನ್ನ ದೃಷ್ಟಿಯಲ್ಲಿ ಅವರ ಹಾಳೆಯ ಗಟ್ಟಿ ಸಾಲು ಅದಲ್ಲ. ಮುಖ್ಯಸ್ಥರ ಹುದ್ದೆಯಿಂದ ಇಳಿದ ಮೇಲೆ ಅವರು ವಯಸ್ಕರ ಅನಕ್ಷರತೆಯ ಬೆನ್ನು ಹತ್ತಿದರು. ಅಕ್ಷರಮಾಲೆಯನ್ನು ಉರುಹೊಡೆಸುವ ಬದಲು, ಬಳಕೆಯ ಮಾತುಗಳನ್ನು ಚಿತ್ರ ಮತ್ತು ದನಿಯೊಡನೆ ಕಂಪ್ಯೂಟರಿನಲ್ಲಿ ತೋರಿಸಿ ಸುಮಾರು 40 ಗಂಟೆಗಳಲ್ಲಿ ಓದಲು ಕಲಿಸುವ ಕಾರ್ಯಕ್ರಮವೊಂದು 2000ದಲ್ಲಿ ತೆಲುಗಿನಿಂದ ಆರಂಭವಾಗಿ ಬೇರೆ ಭಾಷೆಗಳಿಗೂ ಹಬ್ಬಿತು. 2011ರ ಜನಗಣತಿಯಲ್ಲಿ ಶೇ 59.56ರ ಸಾಕ್ಷರತೆಯೊಂದಿಗೆ ರಾಜ್ಯದ ಕೊನೆಯ ಸಾಲಿನಲ್ಲಿ ನಿಂತ ರಾಯಚೂರು ಜಿಲ್ಲೆಯವರು ಇಂಥ ಕೃತಿಯ ಬೆಲೆಯನ್ನು ಯಾರಿಗಿಂತಲೂ ಚೆನ್ನಾಗಿ ಬಲ್ಲರು. ಮಾಡಲೇಬೇಕೆಂಬ ಒತ್ತಾಯವಿಲ್ಲದ ವಯಸ್ಸಿನಲ್ಲಿ ಮಾಡಿದ ಕೆಲಸವಿದು, ಫಲವನ್ನು ಪಡೆದವರು ಗಿರಾಕಿಗಳೂ ಅಲ್ಲ.

ಲೆಕ್ಕದ ಇನ್ನೊಂದು ಬದಿ

ಎರಡನೆಯ ಹಾಳೆಯಲ್ಲಿ ಆಕ್ಷೇಪಣೆಗಳನ್ನು ಬರೆಯಿರಿ. ನೀವು ಬರೆಯದಿದ್ದರೆ ಸಾಮಾನ್ಯ ಸಭೆಯಲ್ಲಿ ಇನ್ನೊಬ್ಬರು ಎದ್ದು ನಿಂತು ಓದುತ್ತಾರೆ. ಪ್ಯಾರಿಸ್‌ನಲ್ಲಿ ಹೀಗೆಯೇ ಆಯಿತು. 2016ರ ಕೊನೆಯಲ್ಲಿ ನಗರದ 13ನೆಯ ವಿಭಾಗದಲ್ಲಿ ನವೋದ್ಯಮಗಳಿಗಾಗಿ ಸಿದ್ಧವಾಗುತ್ತಿದ್ದ ದೊಡ್ಡ ಕಟ್ಟಡವೊಂದರ ಪಕ್ಕದ ರಸ್ತೆಗೆ ಸ್ಟೀವ್ ಜಾಬ್ಸ್ ಹೆಸರಿಡುವ ಸೂಚನೆ ಬಂದಾಗ ಹಸಿರು ಪಕ್ಷದ ಮತ್ತು ಕಮ್ಯುನಿಸ್ಟ್ ಸದಸ್ಯರು ವಿರೋಧಿಸಿದರು. ಫೋನು ತಯಾರಿಸುವ ಚೀನಾದ ಕಾರ್ಖಾನೆಗಳಲ್ಲಿ ಕಾರ್ಮಿಕರ ಸ್ಥಿತಿ, ಯುರೋಪಿನಲ್ಲಿ ತೆರಿಗೆ ತಪ್ಪಿಸಿದ ಆರೋಪ ಇವು ಅವರ ಮುಖ್ಯ ವಾದಗಳಾಗಿದ್ದವು.

ಜಾಬ್ಸ್ ಕಾಲದಲ್ಲಿಯೇ, 2010ರಲ್ಲಿ, ಆಪಲ್‌ಗೂ ಸರಕು ಮಾಡಿಕೊಡುತ್ತಿದ್ದ ಶೆನ್‌ಜೆನ್‌ನ ಫಾಕ್ಸ್‌ಕಾನ್ ಕಾರ್ಖಾನೆಯಲ್ಲಿ ಯುವ ಕಾರ್ಮಿಕರು ಒಬ್ಬರ ಹಿಂದೊಬ್ಬರು ಆತ್ಮಹತ್ಯೆ ಮಾಡಿಕೊಂಡಿದ್ದು ಜಗತ್ತಿಗೆಲ್ಲ ಗೊತ್ತಾಯಿತು. ಪರಸ್ಪರರ ಇಂಜಿನಿಯರುಗಳನ್ನು ಕೆಲಸಕ್ಕೆ ಕರೆಯಬಾರದೆಂದು ಆಪಲ್, ಗೂಗಲ್, ಇಂಟೆಲ್, ಅಡೋಬಿ ಮೊದಲಾದ ಕಂಪನಿಗಳು ಮಾಡಿಕೊಂಡಿದ್ದ ಒಳ ಒಪ್ಪಂದದ ಬಗ್ಗೆ ಅಮೆರಿಕದ ನ್ಯಾಯ ಇಲಾಖೆ ಅದೇ ವರ್ಷ ಕ್ರಮ ಕೈಗೊಂಡಿತು. ಇದರಿಂದ ಸಂಬಳದಲ್ಲಿ ನಷ್ಟವಾಯಿತೆಂದು ನೌಕರರು ಹೂಡಿದ ದಾವೆ ಈ ನಾಲ್ಕು ಕಂಪನಿಗಳ ಮಟ್ಟಿಗೆ 2015ರಲ್ಲಿ 41.5 ಕೋಟಿ ಡಾಲರಿನ ರಾಜಿಯಲ್ಲಿ ಮುಗಿಯಿತು. ಇವೆರಡೂ ಹಾಳೆಯಲ್ಲಿರಬೇಕು. ಆದರೆ 2020ರ ಡಿಸೆಂಬರ್‌ನಲ್ಲಿ ಐಫೋನ್ ಜೋಡಿಸುತ್ತಿದ್ದ ಕೋಲಾರದ ನರಸಾಪುರದ ವಿಸ್ಟ್ರಾನ್ ಕಾರ್ಖಾನೆಯಲ್ಲಿ ವೇತನದ ವಿಷಯಕ್ಕೆ ನಡೆದ ಗಲಭೆಯನ್ನು ಅವರ ಲೆಕ್ಕಕ್ಕೆ ಹಚ್ಚಲಾಗದು. ಅಷ್ಟರಲ್ಲಿ ಅವರು ಹೋಗಿ ಒಂಬತ್ತು ವರ್ಷವಾಗಿತ್ತು. ವ್ಯಕ್ತಿಯ ಆಳ್ವಿಕೆಯಲ್ಲಿ ಆದದ್ದು, ಅವರಿಗೆ ಗೊತ್ತಿದ್ದದ್ದು, ಅವರು ತಡೆಯಬಹುದಾಗಿದ್ದದ್ದು ಎಂದು ಮೂರು ಜರಡಿ ಹಿಡಿದು ಸೋಸಿ.

ಒಬ್ಬ ಹುಡುಗ ಇಲ್ಲಿ ತಕರಾರು ತೆಗೆದ: ‘ಚೀನಾದ ಕಾರ್ಖಾನೆ ಬೇರೆಯವರದು ಸರ್, ಅದಕ್ಕೆ ಜಾಬ್ಸ್ ಏನು ಮಾಡ್ತಾರ?’ ಪ್ರಶ್ನೆ ನ್ಯಾಯವಾದದ್ದೇ. ಆದರೆ ಲಕ್ಷಾಂತರ ಕೈಗಳು ಮಾಡಿದ ಫೋನಿನ ಕೀರ್ತಿಯನ್ನು ಒಬ್ಬರ ತಲೆಗೆ ಕಟ್ಟುವಾಗ ಆ ಕೈಗಳ ನೋವಿನ ಒಂದು ಪಾಲೂ ಅದೇ ತಲೆಗೆ ಬರುತ್ತದೆ. ಕೀರ್ತಿಗೆ ಒಂದು ತಕ್ಕಡಿ, ಕಳಂಕಕ್ಕೆ ಇನ್ನೊಂದು ಎಂದು ಇಡಲಾಗದು. ಗಣಿಯ ಹಣ ಏರಿದ್ದನ್ನೂ ಇಳಿದದ್ದನ್ನೂ ಕಂಡ ಬಳ್ಳಾರಿಯವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಳಂಕ ಇದ್ದ ಮಾತ್ರಕ್ಕೆ ಗೌರವ ಬೇಡವೆಂದೂ ಅಲ್ಲ. ಎರಡೂ ಹಾಳೆಗಳನ್ನು ಅಕ್ಕಪಕ್ಕ ಇಟ್ಟು, ಮೊದಲ ಹಾಳೆಯ ಕೃತಿ ಎರಡನೆಯದನ್ನು ಕಂಡೂ ನಿಲ್ಲುತ್ತದೆಯೇ ಎಂದು ನೋಡಬೇಕು. ಕುಟುಂಬದೊಳಗಿನ ಸಂಗತಿಗಳನ್ನು ಮಾತ್ರ ದಯವಿಟ್ಟು ಹೊರಗಿಡಿ. ಅವು ಪಾಲಿಕೆಯ ಸಭೆಯ ವಿಷಯವಲ್ಲ.

ಊರಿನ ನಂಟು, ಕಾಲದ ಅಂತರ

ಬೇರೆ ದೇಶ ಈಗಾಗಲೇ ಗೌರವಿಸಿದೆ ಎಂಬುದು ನಮ್ಮ ಊರು ಗೌರವಿಸಲು ಕಾರಣವಾಗುವುದಿಲ್ಲ. ಅಮೆರಿಕ 1985ರಲ್ಲಿಯೇ ಜಾಬ್ಸ್ ಮತ್ತು ವೋಜ್ನಿಯಾಕ್ ಇಬ್ಬರಿಗೂ ರಾಷ್ಟ್ರೀಯ ತಂತ್ರಜ್ಞಾನ ಪದಕ ಕೊಟ್ಟಿತ್ತು. 2022ರ ಜುಲೈನಲ್ಲಿ, ತೀರಿಕೊಂಡ ಹನ್ನೊಂದನೆಯ ವರ್ಷಕ್ಕೆ, ಅಧ್ಯಕ್ಷ ಜೋ ಬೈಡನ್ ಜಾಬ್ಸ್ ಅವರಿಗೆ ಅಲ್ಲಿನ ಅತ್ಯುನ್ನತ ನಾಗರಿಕ ಗೌರವವಾದ ಅಧ್ಯಕ್ಷೀಯ ಸ್ವಾತಂತ್ರ್ಯ ಪದಕವನ್ನು ಮರಣೋತ್ತರವಾಗಿ ಸಲ್ಲಿಸಿದರು. ಅದು ಅವರ ದೇಶದ ಋಣಸಂದಾಯ. ನಮ್ಮ ಊರಿಗೂ ಅವರಿಗೂ ಏನು? 1974ರಲ್ಲಿ ಜಾಬ್ಸ್ ಭಾರತಕ್ಕೆ ಬಂದಿದ್ದರು ಎಂದು ಹುಡುಗರು ಬರೆದಿದ್ದರು. ನಿಜ, ಆದರೆ ಬಳ್ಳಾರಿಗೆ ಬಂದಿರಲಿಲ್ಲ. ಅವರು ಸದಾ ಜೀನ್ಸ್ ತೊಡುತ್ತಿದ್ದರು, ಬಳ್ಳಾರಿಯಲ್ಲಿ ಮನೆಮನೆಯಲ್ಲಿ ಜೀನ್ಸ್ ಹೊಲಿಯುತ್ತಾರೆ ಎಂಬ ನಂಟನ್ನು ಅವರಲ್ಲೊಬ್ಬ ನಗುತ್ತಲೇ ಮುಂದಿಟ್ಟ. ಆ ಸಾಲನ್ನು ನಾನು ಸಂತೋಷದಿಂದ ಓದಿ, ಮನಸ್ಸಿಲ್ಲದ ಮನಸ್ಸಿನಿಂದ ಹೊಡೆದುಹಾಕಿದೆ.

ಹುಟ್ಟಿದ ಊರು, ಓದಿದ ಶಾಲೆ, ಇಲ್ಲಿನವರಿಗೆ ಮಾಡಿದ ಕೆಲಸ, ಇಲ್ಲಿ ಇಂದಿಗೂ ಬಳಕೆಯಲ್ಲಿರುವ ಅವರ ಕೊಡುಗೆ ಇವುಗಳಲ್ಲಿ ಒಂದಾದರೂ ದಾಖಲೆಯ ಸಮೇತ ಸಿಕ್ಕಬೇಕು. ಬಳ್ಳಾರಿಯ ರಾಘವ ಕಲಾಮಂದಿರ ಮತ್ತು ರಾಯಚೂರಿನ ಪಂಡಿತ ಸಿದ್ದರಾಮ ಜಂಬಲದಿನ್ನಿ ರಂಗಮಂದಿರ ಈ ನಂಟಿನ ಮಾದರಿಗಳು. ವಕೀಲರಾಗಿದ್ದು ರಂಗದ ಮೇಲೆ ಹೆಸರಾದ ಬಳ್ಳಾರಿ ರಾಘವ 1946ರಲ್ಲಿ ತೀರಿಕೊಂಡರು. ನಟನ ಹೆಸರು ನಾಟಕ ನಡೆಯುವ ಮನೆಗೆ, ಗಾಯಕನ ಹೆಸರು ಹಾಡು ಕೇಳುವ ಮನೆಗೆ ಸಂದಿದ್ದರಿಂದ ಪ್ರತಿ ಆಮಂತ್ರಣ ಪತ್ರಿಕೆಯಲ್ಲಿಯೂ ಅವು ತಾನಾಗಿ ಉಳಿದುಕೊಂಡಿವೆ.

ಕಾಲದ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ: ಊರಿನ ಗೌರವಕ್ಕೆ ಐದು ವರ್ಷವಾದರೂ ಕಾಯಿರಿ. ಸಿನಿಮಾ ನಟರ ಮಾತು ಬೇರೆ. 2021ರಲ್ಲಿ ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ಊರೂರಿನಲ್ಲಿ ಎದ್ದ ಪ್ರೀತಿ ಯಾವ ಮನವಿಯನ್ನೂ ಕಾಯಲಿಲ್ಲ, ಮರುವರ್ಷದ ರಾಜ್ಯೋತ್ಸವದಂದು ಕರ್ನಾಟಕ ರತ್ನವೂ ಸಂದಿತು. ಉದ್ಯಮಿಯ ಕೃತಿ ಕಂಪನಿಯ ಕಡತಗಳೊಳಗೆ ಇರುತ್ತದೆ. ಒಳ್ಳೆಯದೂ ಕೆಟ್ಟದ್ದೂ ಹೊರಬರಲು ವರ್ಷಗಳು ಬೇಕು. ಅವಸರದ ಸ್ಮಾರಕಕ್ಕೆ ಇನ್ನೊಂದು ಗಂಡಾಂತರವಿದೆ. 2013ರ ಜನವರಿಯಲ್ಲಿ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಜಾಬ್ಸ್ ನೆನಪಿಗೆ ಆಳೆತ್ತರಕ್ಕೂ ಮಿಗಿಲಾದ ಫೋನಿನ ಆಕಾರದ ಸ್ಮಾರಕ ನಿಲ್ಲಿಸಿದ್ದರು. ಅವರ ನಂತರ ಕಂಪನಿಯ ಮುಖ್ಯಸ್ಥರಾದ ಟಿಮ್ ಕುಕ್ 2014ರಲ್ಲಿ ತಾವು ಸಲಿಂಗಿ ಎಂದು ಬಹಿರಂಗವಾಗಿ ಬರೆದ ಬೆನ್ನಿಗೇ ಅದನ್ನು ಕಿತ್ತುಹಾಕಿದರು. ಸತ್ತವರದು ತಪ್ಪಿಲ್ಲ, ಬದುಕಿದ್ದವರದೂ ತಪ್ಪಿಲ್ಲ. ಆ ಸ್ಮಾರಕ ಕಂಪನಿಯ ಸರಕಿನ ಆಕಾರದಲ್ಲಿತ್ತು, ಹೀಗಾಗಿ ಕಂಪನಿಯ ಜೊತೆಗೇ ಅದರ ಹಣೆಬರಹವೂ ಅಂಟಿಕೊಂಡಿತ್ತು.

ಯಾವ ಗೌರವ, ಯಾರ ಬಾಗಿಲು

ಭಾರತ ರತ್ನಕ್ಕೆ ಸಾರ್ವಜನಿಕರು ಅರ್ಜಿ ಹಾಕುವ ಕ್ರಮವಿಲ್ಲ. ಪ್ರಧಾನಿ ಶಿಫಾರಸು ಮಾಡುತ್ತಾರೆ, ರಾಷ್ಟ್ರಪತಿ ಕೊಡುತ್ತಾರೆ. 1954ರ ಮೂಲ ನಿಯಮದಲ್ಲಿ ಮರಣೋತ್ತರಕ್ಕೆ ಅವಕಾಶವಿರಲಿಲ್ಲ, 1955ರಲ್ಲಿ ಸೇರಿಸಲಾಯಿತು, 1966ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರಿಗೆ ಮೊದಲ ಬಾರಿ ಹಾಗೆ ಸಂದಿತು. ಉದ್ಯಮಿಗಳಲ್ಲಿ ಅದನ್ನು ಪಡೆದವರು 1992ರಲ್ಲಿ ಜೆ.ಆರ್.ಡಿ. ಟಾಟಾ ಒಬ್ಬರೇ, ಅದೂ ಬದುಕಿದ್ದಾಗ. ರತನ್ ಟಾಟಾ 2024ರ ಅಕ್ಟೋಬರ್ 9ರಂದು ತೀರಿಕೊಂಡ ಮರುದಿನವೇ ಮಹಾರಾಷ್ಟ್ರದ ಸಚಿವ ಸಂಪುಟ ಅವರಿಗೆ ಭಾರತ ರತ್ನ ಕೊಡಬೇಕೆಂದು ಠರಾವು ಮಾಡಿತು. ಸಂಪುಟದ ಠರಾವೂ ಕೋರಿಕೆಯೇ ಹೊರತು ನಾಮನಿರ್ದೇಶನವಲ್ಲ.

ಪದ್ಮ ಪ್ರಶಸ್ತಿಗೆ ಯಾರಾದರೂ ಕೇಂದ್ರ ಸರಕಾರದ ರಾಷ್ಟ್ರೀಯ ಪುರಸ್ಕಾರ ಜಾಲತಾಣದಲ್ಲಿ ಹೆಸರು ಸೂಚಿಸಬಹುದು. ವ್ಯಕ್ತಿಯ ಸಾಧನೆಯನ್ನು 800 ಪದಗಳೊಳಗೆ ಬರೆಯಬೇಕು. ಕೊನೆಯ ದಿನಾಂಕ ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ, ಆ ವರ್ಷದ ಪ್ರಕಟಣೆಯನ್ನೇ ನೋಡಿ. ಸಾಮಾನ್ಯವಾಗಿ ಇದನ್ನು ಮರಣೋತ್ತರವಾಗಿ ಕೊಡುವುದಿಲ್ಲ, ಅತ್ಯಂತ ಅರ್ಹವೆನಿಸಿದ ಸಂದರ್ಭದಲ್ಲಿ ಮಾತ್ರ ಪರಿಗಣಿಸುತ್ತಾರೆ. ಹಾಗೆ ಪರಿಗಣಿಸುವುದೂ ತೀರಾ ಇತ್ತೀಚೆಗೆ ತೀರಿಕೊಂಡವರನ್ನೇ. ಜಪಾನಿನ ವಾಹನೋದ್ಯಮಿ ಒಸಾಮು ಸುಜುಕಿ 2024ರ ಡಿಸೆಂಬರ್ 25ರಂದು ತೀರಿಕೊಂಡರು, ಒಂದು ತಿಂಗಳಲ್ಲಿ ಪ್ರಕಟವಾದ 2025ರ ಪಟ್ಟಿಯಲ್ಲಿ ಅವರಿಗೆ ಪದ್ಮವಿಭೂಷಣ ಇತ್ತು. ಎಂದರೆ ಊರಿನ ಗೌರವಕ್ಕೆ ಕಾಯಬೇಕು, ಪದ್ಮಕ್ಕೆ ಕಾಯಲಾಗದು. ಹಳೆಯ ಹೆಸರುಗಳಿಗಾಗಿ ಈ ದಾರಿಯಲ್ಲಿ ಶ್ರಮಪಡಬೇಡಿ.

ರಸ್ತೆ, ವೃತ್ತ, ಉದ್ಯಾನಗಳ ಹೆಸರು ಸ್ಥಳೀಯ ಸಂಸ್ಥೆಯ ಕೈಯಲ್ಲಿದೆ: ಬಳ್ಳಾರಿ ಮತ್ತು ರಾಯಚೂರಿನಲ್ಲಿ ಮಹಾನಗರ ಪಾಲಿಕೆಯ ಆಯುಕ್ತರಿಗೆ, ಕೊಪ್ಪಳದಲ್ಲಿ ನಗರಸಭೆಯ ಪೌರಾಯುಕ್ತರಿಗೆ ಬರೆಯಬೇಕು. ಸಾಮಾನ್ಯ ಸಭೆಯ ಕಾರ್ಯಸೂಚಿಗೆ ಬಂದು ಠರಾವಾಗಿ, ಸಾರ್ವಜನಿಕರ ಆಕ್ಷೇಪಣೆ ಕರೆದು, ಮೇಲಿನ ಒಪ್ಪಿಗೆ ಬಂದ ಮೇಲೆಯೇ ನಾಮಫಲಕ ಏರುತ್ತದೆ. ಚುನಾಯಿತ ಮಂಡಳಿ ಇಲ್ಲದ ಅವಧಿಯಲ್ಲಿ ಆಡಳಿತಾಧಿಕಾರಿ ಇರುತ್ತಾರೆ; ಅಂಥ ಸಮಯದಲ್ಲಿ ಹೆಸರಿಡಿಸಿಕೊಂಡರೆ ಮುಂದೆ ಬರುವ ಸದಸ್ಯರು ಕೆದಕುವ ಸಂಭವ ಹೆಚ್ಚು. ಈಗಾಗಲೇ ಹೆಸರಿರುವ ಜಾಗವನ್ನು ಮುಟ್ಟಲೇಬೇಡಿ. ಮನೆಗಳ ವಿಳಾಸ, ಆಧಾರ್, ಲೈಟ್ ಬಿಲ್ ಎಲ್ಲವೂ ಬದಲಾಗಬೇಕಾದ ಜನ ಸತ್ತವರನ್ನು ಹರಸುವುದಿಲ್ಲ. ಜನರ ನಾಲಗೆಯೂ ಸುಲಭಕ್ಕೆ ತಿರುಗುವುದಿಲ್ಲ: ಬಳ್ಳಾರಿಯ ಗಡಿಗಿ ಚನ್ನಪ್ಪ ವೃತ್ತವನ್ನು ಇಂದಿಗೂ ಎಷ್ಟೋ ಮಂದಿ ರಾಯಲ್ ಸರ್ಕಲ್ ಎಂದೇ ಕರೆಯುತ್ತಾರೆ.

ಪುತ್ಥಳಿಯ ಆಸೆ ಇದ್ದವರಿಗೆ ಒಂದೇ ಮಾತು. ಸಾರ್ವಜನಿಕ ರಸ್ತೆ, ಪಾದಚಾರಿ ಮಾರ್ಗಗಳಲ್ಲಿ ಪುತ್ಥಳಿಗೆ ಅನುಮತಿ ಕೊಡಬಾರದೆಂದು ಸುಪ್ರೀಂ ಕೋರ್ಟ್ 2013ರ ಜನವರಿಯಲ್ಲಿ ಆದೇಶಿಸಿದೆ. ಅಲ್ಲಿಗೆ ಆ ಮಾತು ಮುಗಿಯಿತು.

ನನಗೆ ಹೆಚ್ಚು ಒಪ್ಪಿಗೆಯಾಗುವುದು ಬಳಕೆಯಲ್ಲಿರುವ ಗೌರವ. ಕನ್ನಡ ಸಾಹಿತ್ಯ ಪರಿಷತ್ತಿನ ದತ್ತಿ ಉಪನ್ಯಾಸಗಳನ್ನು ಎಲ್ಲರೂ ಬಲ್ಲರು: ಯಾರೋ ಒಂದಿಷ್ಟು ಹಣವನ್ನು ಠೇವಣಿ ಇಡುತ್ತಾರೆ, ಅದರ ಬಡ್ಡಿಯಲ್ಲಿ ವರ್ಷಕ್ಕೊಂದು ಉಪನ್ಯಾಸ ನಡೆಯುತ್ತದೆ, ಹೆಸರು ವರ್ಷಕ್ಕೊಮ್ಮೆ ಉಚ್ಚಾರವಾಗುತ್ತದೆ. ತಂತ್ರಜ್ಞರ ಹೆಸರಿನಲ್ಲಿಯೂ ಇದನ್ನೇ ಮಾಡಬಹುದು. ಶೇ 6.5ರ ಬಡ್ಡಿ ಎಂದು ಹಿಡಿದರೆ 1 ಲಕ್ಷ ರೂಪಾಯಿ ಠೇವಣಿಯಿಂದ ವರ್ಷಕ್ಕೆ 6,500 ರೂಪಾಯಿ ಬರುತ್ತದೆ. ಸರಕಾರಿ ಪ್ರೌಢಶಾಲೆಯ ಒಬ್ಬ ವಿದ್ಯಾರ್ಥಿನಿಗೆ ಬಹುಮಾನ ಕೊಡಲು ಅಷ್ಟು ಸಾಕು. ರಾಯಚೂರಿನಲ್ಲಿ, 2019ರಲ್ಲಿ ಆರಂಭವಾದ ಭಾರತೀಯ ಮಾಹಿತಿ ತಂತ್ರಜ್ಞಾನ ಸಂಸ್ಥೆಯೇ ಇದೆ. ಪ್ರಯೋಗಾಲಯಕ್ಕೋ ವಾರ್ಷಿಕ ಉಪನ್ಯಾಸಕ್ಕೋ ಹೆಸರಿಡಬೇಕಾದರೆ ಆ ಸಂಸ್ಥೆಯ ಆಡಳಿತದೊಡನೆ ಮಾತನಾಡಬೇಕು, ಪಾಲಿಕೆಯೊಡನೆ ಅಲ್ಲ. ಹಳ್ಳಿಗಳಲ್ಲಾದರೆ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರಗಳಿವೆ. ಅಲ್ಲಿ ನಾಲ್ಕು ಕಂಪ್ಯೂಟರ್ ಇಟ್ಟು, ಕೆಟ್ಟಾಗ ರಿಪೇರಿಗೆ ಹಣ ಎಲ್ಲಿಂದ ಎಂಬುದನ್ನೂ ಬರೆದುಕೊಟ್ಟರೆ ಪಂಚಾಯಿತಿಯವರು ಬೇಡವೆನ್ನುವುದು ಕಡಿಮೆ. ವೀರಗಲ್ಲಿನವರು ಕಲ್ಲಿನ ಜೊತೆ ಭೂಮಿ ಬಿಟ್ಟದ್ದು ಇದಕ್ಕೇ.

ಮನವಿಯನ್ನು ಬರೆಯುವುದು

ಎರಡು ಪುಟ ಮೀರದಿರಲಿ. ‘ವಿಷಯ’ ಎಂಬ ಸಾಲಿನಲ್ಲಿ ಏನು ಬೇಕು, ಎಲ್ಲಿ ಬೇಕು ಎಂದು ಹೇಳಿ. ವಾರ್ಡ್ ಸಂಖ್ಯೆ ಮತ್ತು ಜಾಗದ ಕೈನಕ್ಷೆ ಲಗತ್ತಿಸಿ. ಮೊದಲ ಪರಿಚ್ಛೇದದಲ್ಲಿಯೇ ಕೃತಿ ಬರಲಿ. ರಾಯಚೂರಿನವರು ಕೊಹ್ಲಿಯವರ ಹೆಸರಿನಲ್ಲಿ ವಯಸ್ಕರ ಕಲಿಕಾ ಕೊಠಡಿಯೊಂದನ್ನು ಕೇಳುವುದಾದರೆ ಹೀಗೆ ಬರೆಯಬಹುದು:

‘ಟಾಟಾ ಕನ್ಸಲ್ಟೆನ್ಸಿ ಸರ್ವೀಸಸ್‌ನ ಮೊದಲ ಮುಖ್ಯಸ್ಥರಾಗಿದ್ದ ದಿವಂಗತ ಎಫ್.ಸಿ. ಕೊಹ್ಲಿ (1924–2020) ಅವರು ಆ ಹುದ್ದೆಯಿಂದ ಇಳಿದ ನಂತರ ವಯಸ್ಕರಿಗೆ ಕಂಪ್ಯೂಟರಿನ ನೆರವಿನಿಂದ ಓದು ಕಲಿಸುವ ಕಾರ್ಯಕ್ರಮಕ್ಕೆ ಪ್ರೇರಕರಾದರು. 2011ರ ಜನಗಣತಿಯಲ್ಲಿ ನಮ್ಮ ಜಿಲ್ಲೆಯ ಸಾಕ್ಷರತೆ ಶೇ 59.56 ಇತ್ತು. ನಮ್ಮ ವಾರ್ಡಿನ ಗ್ರಂಥಾಲಯದ ಬಳಕೆಯಾಗದ ಕೊಠಡಿಯಲ್ಲಿ ಸಂಜೆ ಕಲಿಕಾ ಕೇಂದ್ರ ತೆರೆದು ಅದಕ್ಕೆ ಅವರ ಹೆಸರಿಡಲು ಕೋರುತ್ತೇವೆ. ಮೂರು ವರ್ಷಗಳ ನಿರ್ವಹಣೆಯ ಹಣದ ವಿವರ ಲಗತ್ತಿಸಿದೆ.’

ಇದರಲ್ಲಿ ವಿಶೇಷಣ ಎಂದು ಕಾಣುವುದು ‘ದಿವಂಗತ’ ಎಂಬುದೊಂದೇ. ಎರಡನೆಯ ಪರಿಚ್ಛೇದದಲ್ಲಿ ಊರಿನ ನಂಟು, ಮೂರನೆಯದರಲ್ಲಿ ಬರಬಹುದಾದ ಆಕ್ಷೇಪಣೆ ಮತ್ತು ನಿಮ್ಮ ಉತ್ತರ ಇರಲಿ. ಆಕ್ಷೇಪಣೆಯನ್ನು ನಾವೇ ಬರೆದರೆ ಮನವಿ ದುರ್ಬಲವಾಗುವುದಿಲ್ಲವೇ ಎಂದು ಹುಡುಗರು ಕೇಳಿದರು. ಓದುವವರಿಗೆ ನಂಬಿಕೆ ಹುಟ್ಟುವುದೇ ಅಲ್ಲಿ. ಕುಟುಂಬದ ಒಪ್ಪಿಗೆ ಪತ್ರ ಸಿಕ್ಕರೆ ಲಗತ್ತಿಸಿ. ಕಂಪನಿಯ ಲಾಂಛನವನ್ನು ಫಲಕದಲ್ಲಿ ಬಳಸುವುದಿಲ್ಲವೆಂದು ಒಂದು ಸಾಲು ಬರೆದುಬಿಡಿ, ಇಲ್ಲವಾದರೆ ಅದು ಊರಿನ ಖರ್ಚಿನಲ್ಲಿ ಜಾಹೀರಾತಾಗುತ್ತದೆ. ಹೆಸರಿನ ಹಿಂದೆ ಪದ್ಮಭೂಷಣ ಮುಂತಾದವನ್ನು ಬರೆಸಬೇಡಿ: ಈ ಪ್ರಶಸ್ತಿಗಳು ಬಿರುದುಗಳಲ್ಲ, ಹೆಸರಿನ ಹಿಂದೆ ಮುಂದೆ ಸೇರಿಸಿಕೊಳ್ಳುವಂತಿಲ್ಲ ಎಂದು 1995ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಫಲಕದಲ್ಲಿ ಹೆಸರಿನ ಕೆಳಗೆ ಕೃತಿಯ ಒಂದು ಸಾಲನ್ನು ಕನ್ನಡದಲ್ಲಿ ಕೆತ್ತಿಸಿ. ಬರಿಯ ಹೆಸರು ಎಷ್ಟು ಬೇಗ ಒಗಟಾಗುತ್ತದೆ ಎಂಬುದಕ್ಕೆ ರಾಯಚೂರು ಜಿಲ್ಲೆಯ ಮಸ್ಕಿಯೇ ಸಾಕ್ಷಿ: ‘ದೇವಾನಾಂಪ್ರಿಯ’ನೆಂಬ ಅರಸ ಅಶೋಕನೇ ಎಂದು ಖಚಿತವಾದದ್ದು 1915ರಲ್ಲಿ ಚಿನ್ನದ ಗಣಿಯ ಇಂಜಿನಿಯರ್ ಸಿ. ಬೀಡನ್ ಕಣ್ಣಿಗೆ, ಅಶೋಕನ ಹೆಸರೂ ಇರುವ ಅಲ್ಲಿನ ಶಾಸನ ಬಿದ್ದ ಮೇಲೆ.

ಮನವಿಯನ್ನು ಟಪಾಲು ವಿಭಾಗದಲ್ಲಿ ಕೊಟ್ಟು ಎರಡನೆಯ ಪ್ರತಿಯ ಮೇಲೆ ಸ್ವೀಕೃತಿ ಮುದ್ರೆ, ದಿನಾಂಕ ಹಾಕಿಸಿಕೊಳ್ಳಿ. ವಾರ್ಡಿನ ಸದಸ್ಯರಿಗೆ ಒಂದು ಪ್ರತಿ ಕೊಡಿ. ಎರಡು ಸಾಮಾನ್ಯ ಸಭೆಗಳು ಕಳೆದರೂ ಕಾರ್ಯಸೂಚಿಗೆ ಬಾರದಿದ್ದರೆ ಮಾಹಿತಿ ಹಕ್ಕಿನಡಿ 10 ರೂಪಾಯಿ ಶುಲ್ಕ ಕಟ್ಟಿ ಕಡತ ಎಲ್ಲಿದೆ ಎಂದು ಕೇಳಿ. 30 ದಿನಗಳಲ್ಲಿ ಉತ್ತರ ಬರಬೇಕು.

ನಮ್ಮ ಹುಡುಗರ ಮನವಿ ಇನ್ನೂ ಟಪಾಲಿಗೆ ಹೋಗಿಲ್ಲ. ‘ವೃತ್ತ’ ಎಂಬ ಮಾತು ಅದರಿಂದ ಬಿದ್ದುಹೋಗಿದೆ. ಈಗ ಅವರು ಕೇಳುತ್ತಿರುವುದು ಗ್ರಂಥಾಲಯದಲ್ಲಿ ಅಂಧ ಓದುಗರಿಗಾಗಿ ಓದಿ ಹೇಳುವ ತಂತ್ರಾಂಶವಿರುವ ಎರಡು ಕಂಪ್ಯೂಟರುಗಳ ಒಂದು ಮೂಲೆ. ಹೆಸರು ಜಾಬ್ಸ್ ಅವರದೇ ಇರಬೇಕೇ, ರಿಚಿಯದೇ, ಅಥವಾ ನಮ್ಮ ಜಿಲ್ಲೆಯಲ್ಲಿ ಅಂಧ ಮಕ್ಕಳಿಗೆ ಪಾಠ ಹೇಳಿದ ಶಿಕ್ಷಕರೊಬ್ಬರದೇ ಎಂಬುದು ತೀರ್ಮಾನವಾಗಿಲ್ಲ. ನೀರಿನ ಟ್ಯಾಂಕ್ ನೀರಿನ ಟ್ಯಾಂಕಾಗಿಯೇ ಇದೆ.